ಚಿಕ್ಕ ಹಾಯಿದೋಣಿ ರೇಸಿಗೂ ಪೇಪರ್‌ನಲ್ಲಿ ಒಂದು ಕಾಲಂ ಜಾಗ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಕುಂದಾಪುರದ ಹತ್ರ ಗಂಗೊಳ್ಳಿ ಕಡೆಯವನು, ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದು ಹದಿನಾಲ್ಕು ವರ್ಷ ಆಯ್ತು. ಬೆಳಿಗ್ಗೆ ಎದ್ದು ಕಾಫಿ ಕುಡೀತಾ ಫೋನಲ್ಲಿ ನಿಮ್ಮ ಪೇಪರ್ ಓದೋದು ಒಂದು ದಿನಾನೂ ತಪ್ಪಿಸಿಲ್ಲ, ಮೊದಲು ಜಿಲ್ಲಾ ಪುಟ ಆಮೇಲೆ ಕ್ರೀಡಾ ಪುಟ. ಮೊನ್ನೆ ಫೆಬ್ರವರಿ 1 ರಂದು ಕ್ರೀಡಾ ಪುಟ ತೆಗೆದು ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಹೈದರಾಬಾದ್ ಟೆಸ್ಟ್ ಸೋತಿದ್ದು ಯಾಕೆ ಅಂತ ಇತ್ತು, ವಿಶಾಖಪಟ್ಟಣದಲ್ಲಿ ಯಾರು ಆಡ್ತಾರೆ ಅಂತ ಇತ್ತು, ಎಲ್ಲಾ ಸರಿ, ನಾನೂ ಕ್ರಿಕೆಟ್ ನೋಡೋನೇ. ಆದ್ರೆ ಹಿಂದಿನ ದಿನ ಇಲ್ಲೇ ಅಡಿಲೇಡ್‌ನ ವೆಸ್ಟ್ ಬೀಚಲ್ಲಿ ಮುಗಿದ, ಒಬ್ಬರೇ ಓಡಿಸೋ ಚಿಕ್ಕ ಹಾಯಿದೋಣಿಯ ಐಎಲ್‌ಸಿಎ 7 ವರ್ಲ್ಡ್ ಚಾಂಪಿಯನ್‌ಷಿಪ್‌ನಲ್ಲಿ ವಿಷ್ಣು ಸರವಣನ್ 26ನೇ ಸ್ಥಾನಕ್ಕೆ ಬಂದು ಪ್ಯಾರಿಸ್ ಒಲಿಂಪಿಕ್ಸ್‌ಗೆ ಸೈಲಿಂಗ್‌ನಲ್ಲಿ ಭಾರತಕ್ಕೆ ಮೊದಲ ಕೋಟಾ, ಅಂದ್ರೆ ಸ್ಪರ್ಧಿಸೋ ಸೀಟು, ತಂದುಕೊಟ್ಟ ಸುದ್ದಿ ಕೊನೇ ಕಾಲಮ್ಮಿನ ತಳದಲ್ಲಿ ಎರಡೇ ಸಾಲು ಇತ್ತು. ಅದನ್ನ ಓದಿದ ಮೇಲೆ ಸುಮ್ಮನೆ ಇರೋಕೆ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕೊನೆ ತನಕ ಓದಿ.

ನಾನು ಆ ಚಾಂಪಿಯನ್‌ಷಿಪ್ ನೋಡೋಕೆ ಅಂತ ಪ್ಲಾನ್ ಮಾಡಿ ಹೋದವನಲ್ಲ. ನಮ್ಮ ಹತ್ರ ಒಂದು ಹಳೇ ಹಾಯಿ ಬೋಟ್ ಇದೆ, 1979 ರಲ್ಲಿ ಕಟ್ಟಿದ್ದು, 28 ಅಡಿ ಉದ್ದ, ಫೈಬರ್‌ಗ್ಲಾಸ್ ಬಾಡಿ. ಶ್ರೀಮಂತರ ಯಾಟ್ ಅಂತ ಅಂದ್ಕೋಬೇಡಿ, ಇಂಥ ಹಳೇ ಬೋಟು ಇಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ರೇಟಿಗೆ ಸಿಗುತ್ತೆ, ಅದನ್ನ ನೋಡ್ಕೊಳ್ಳೋಕೇ ಜಾಸ್ತಿ ಖರ್ಚು. ಒಳಗೆ ಮೂರು ಜನ ಮಲಗೋಕೆ ಜಾಗ, ಒಂದು ಸಣ್ಣ ಒಲೆ, ಒಂದು ಡೀಸೆಲ್ ಇಂಜಿನ್. ಬರೋ ಮಾರ್ಚ್‌ನಲ್ಲಿ ನಾನು, ನನ್ನ ಹೆಂಡತಿ, ಹದಿಮೂರು ವರ್ಷದ ಮಗಳು ಸೇರಿ ಹತ್ತು ದಿನ ಕ್ರೂಸಿಂಗ್ ಹೋಗ್ಬೇಕು ಅಂತ ಇದೀವಿ, ಅಡಿಲೇಡ್‌ನ ನಾರ್ತ್ ಹೇವನ್‌ನಿಂದ ಹೊರಟು ಸೇಂಟ್ ವಿನ್ಸೆಂಟ್ ಕೊಲ್ಲಿ ದಾಟಿ ಯಾರ್ಕ್ ಪೆನಿನ್ಸುಲಾದ ಎಡಿತ್‌ಬರ್ಗ್‌ನಲ್ಲಿ ಲಂಗರು, ಅಲ್ಲಿಂದ ಇನ್ವೆಸ್ಟಿಗೇಟರ್ ಜಲಸಂಧಿ ದಾಟಿ ಕಾಂಗರೂ ದ್ವೀಪದ ಕಿಂಗ್ಸ್‌ಕೋಟ್, ಅಮೆರಿಕನ್ ರಿವರ್, ವಾಪಸ್ ಬರುವಾಗ ಬ್ಯಾಕ್‌ಸ್ಟೇರ್ಸ್ ಪ್ಯಾಸೇಜ್ ಮೂಲಕ. ಮ್ಯಾಪಲ್ಲಿ ನೋಡಿದ್ರೆ ಒಂದು ಬೆರಳಿನಷ್ಟು ದೂರ ಕಾಣುತ್ತೆ, ಆದ್ರೆ ಆ ಪ್ಯಾಸೇಜ್‌ನಲ್ಲಿ ನೀರಿನ ಸೆಳೆತ ಒಂದು ಕಡೆ ಗಾಳಿ ಇನ್ನೊಂದು ಕಡೆ ಆದ್ರೆ ಅಲೆ ಗೋಡೆ ತರ ಎದ್ದು ನಿಲ್ಲುತ್ತೆ. ಇನ್ನೊಂದು ವಿಷಯ ನಮ್ಮ ಕರಾವಳಿಯವರಿಗೆ ಆಶ್ಚರ್ಯ ಆಗುತ್ತೆ, ಈ ಕೊಲ್ಲಿಯಲ್ಲಿ ಹದಿನೈದು ದಿನಕ್ಕೊಮ್ಮೆ ಉಬ್ಬರ ಇಳಿತನೇ ನಿಂತ ಹಾಗೆ ಆಗುತ್ತೆ. ಡಾಡ್ಜ್ ಟೈಡ್ ಅಂತಾರೆ ಇಲ್ಲಿ. ಚಂದ್ರ ಎಳೆಯೋ ಉಬ್ಬರ, ಸೂರ್ಯ ಎಳೆಯೋ ಉಬ್ಬರ ಎರಡೂ ಇಲ್ಲಿ ಹೆಚ್ಚುಕಮ್ಮಿ ಸಮ ಇರೋದ್ರಿಂದ ಅಷ್ಟಮಿ ಆಸುಪಾಸಲ್ಲಿ ಒಂದನ್ನ ಇನ್ನೊಂದು ಕಡಿದು ಹಾಕುತ್ತೆ, ಇಡೀ ದಿನ ನೀರು ಏರೋದೂ ಇಲ್ಲ ಇಳಿಯೋದೂ ಇಲ್ಲ. ಗಂಗೊಳ್ಳಿಯಲ್ಲಿ ದಿನಾ ಎರಡು ಸಲ ನೀರು ಏರಿ ಇಳಿಯೋದು ನೋಡಿ ಬೆಳೆದವನಿಗೆ ಇದು ಮೊದಲ ಸಲ ನಂಬೋಕೇ ಆಗಲಿಲ್ಲ.

ಸರಿ, ಬೋಟಿನ ವಿಷಯ. ಜನವರಿ ಮೊದಲ ವಾರ ಕ್ರೇನಲ್ಲಿ ಎತ್ತಿಸಿ ಯಾರ್ಡ್‌ನಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ನಿಲ್ಸಿದೆ. ತಳಕ್ಕೆ ಅಂಟಿದ ಚಿಪ್ಪು ಕೆರೆದು, ಹಳೇ ಬಣ್ಣ ನೀರು ಹಾಕಿ ಉಜ್ಜಿ, ಆ ಬಣ್ಣದಲ್ಲಿ ತಾಮ್ರದ ವಿಷ ಇರುತ್ತೆ ಅದಕ್ಕೆ ಮಾಸ್ಕ್ ಹಾಕ್ಕೊಂಡು, ಮೂವತ್ತೆಂಟು ಡಿಗ್ರಿ ಬಿಸಿಲಲ್ಲಿ ಮೂರು ದಿನ ಅದೇ ಕೆಲಸ. ನಾಲ್ಕನೇ ದಿನ ಒಳಗೆ ಕೂತು ಸಿಂಕಿನ ಕೆಳಗಿನ ವಾಲ್ವ್ ನೋಡಿದೆ. ಬೋಟಿನ ತಳದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಇರೋ ತೂತಿಗೆ ಹಾಕಿರೋ ವಾಲ್ವ್ ಇದು, ಇದು ಹೋದ್ರೆ ಬೋಟ್ ಹೋಯ್ತು. ಹೊರಗಿಂದ ಹಿತ್ತಾಳೆ ಬಣ್ಣ ಚೆನ್ನಾಗೇ ಇತ್ತು. ಸುಮ್ಮನೆ ಚಾಕು ತುದಿಯಿಂದ ಗೀರಿ ನೋಡಿದೆ, ಒಳಗೆ ಗುಲಾಬಿ ಬಣ್ಣ. ಉಪ್ಪು ನೀರು ಹಿತ್ತಾಳೆಯಲ್ಲಿರೋ ಸತುವನ್ನ ತಿಂದು ಹಾಕಿದ್ರೆ ಬರೀ ಸೊರಗಿದ ತಾಮ್ರ ಉಳಿಯುತ್ತೆ, ನೋಡೋಕೆ ವಾಲ್ವ್ ತರಾನೇ ಇರುತ್ತೆ ಆದ್ರೆ ಶಕ್ತಿ ಬಿಸ್ಕತ್ತಿನಷ್ಟೂ ಇರಲ್ಲ. ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿದ್ದೇ ತಡ ಹಿಡಿಕೆ ಸಮೇತ ಮುರಿದು ಕೈಗೆ ಬಂತು. ಎರಡು ವರ್ಷದ ಹಿಂದೆ ಬೋಟ್ ತಗೊಳ್ಳುವಾಗ ದುಡ್ಡು ಕೊಟ್ಟು ಸರ್ವೆ ಮಾಡಿಸಿದ್ದೆ, ರಿಪೋರ್ಟಲ್ಲಿ ವಾಲ್ವ್ ಎಲ್ಲಾ ಸರಿ ಇದೆ ಅಂತ ಬರೆದಿದ್ರು. ಈ ವಾಲ್ವ್ ನಂಬಿ ಎರಡು ಬೇಸಿಗೆ ಮಗಳನ್ನ ಕರ್ಕೊಂಡು ಸಮುದ್ರಕ್ಕೆ ಹೋಗಿದ್ದೆ ಅಂತ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ. ಅದೇ ಭಯಕ್ಕೆ ಕೂವೆಮರ, ಅಂದ್ರೆ ಹಾಯಿ ಕಟ್ಟೋ ಕಂಬ, ಅದನ್ನ ಹಿಡಿದು ನಿಲ್ಸಿರೋ ಸ್ಟೀಲ್ ಹಗ್ಗಗಳನ್ನೂ ಒಂದೊಂದಾಗಿ ಬಟ್ಟೆ ಸುತ್ತಿ ಎಳೆದು ನೋಡಿದೆ, ಬಲಗಡೆ ಒಂದರಲ್ಲಿ ಕೆಳಗಿನ ಜಾಯಿಂಟ್ ಹತ್ರ ಹತ್ತೊಂಬತ್ತು ಎಳೆಯಲ್ಲಿ ಒಂದು ಮುರಿದಿತ್ತು, ಬಟ್ಟೆಗೆ ಸಿಕ್ಕಿ ನೂಲು ಕಿತ್ತು ಬಂತು. ಹೊಸ ವಾಲ್ವ್, ಹೊಸ ತಂತಿ ಆರ್ಡರ್ ಮಾಡಿದೆ, ಬರೋಕೆ ದಿನ ಹಿಡಿಯುತ್ತೆ ಅಂದ್ರು. ಅದಕ್ಕೆ ಕಾಯ್ತಿರುವಾಗಲೇ ವೆಸ್ಟ್ ಬೀಚಲ್ಲಿ ಚಾಂಪಿಯನ್‌ಷಿಪ್ ಶುರುವಾಯ್ತು.

ಯಾರ್ಡ್‌ನಲ್ಲಿ ಪಕ್ಕದ ಬೋಟಿನ ಮುದುಕರೊಬ್ಬರು ಇದ್ದಾರೆ, ಎಪ್ಪತ್ತು ದಾಟಿದೆ, ನಾನು ದಿನಾ ಲಿಸ್ಟ್ ಹಿಡ್ಕೊಂಡು ಓಡಾಡೋದು ನೋಡಿ ಒಂದು ದಿನ ಬಂದು ಹೇಳಿದ್ರು, ನೀನು ಬೋಟನ್ನ ಚೆನ್ನಾಗಿ ರೆಡಿ ಮಾಡ್ತಿದೀಯ, ನಿನ್ನನ್ನ ಯಾವಾಗ ರೆಡಿ ಮಾಡ್ಕೊಳ್ತೀಯ, ನಾಳೆ ನನ್ನ ಜೊತೆ ಬಾ, ಹುಡುಗರು ಗಾಳಿ ಹೇಗೆ ಓದ್ತಾರೆ ನೋಡು ಅಂತ. ಅವರದ್ದು ಒಂದು ಸಣ್ಣ ಅಲ್ಯುಮಿನಿಯಂ ಬೋಟ್ ಇದೆ, ಹಿಂದೆ ಇಂಜಿನ್ ಕಟ್ಟಿರೋದು, ಇಲ್ಲಿ ಟಿನ್ನಿ ಅಂತಾರೆ. ರೇಸ್ ನಡೆಯೋ ಜಾಗದಿಂದ ಸಾಕಷ್ಟು ದೂರ ನಿಲ್ಸಿ ನೋಡಬಹುದು. ಹೀಗೆ ನಾನು ಮೂರು ದಿನ ನೋಡಿದೆ. ಒಂದು ದಿನ ನೋಡಿ ವಾಪಸ್ ಬರ್ತೀನಿ ಅಂದ್ಕೊಂಡು ಹೋದವನು.

ಮೊದಲ ದಿನ ಬೀಚಲ್ಲೇ ನಿಂತಿದ್ದೆ. ನೂರಕ್ಕೂ ಮೇಲೆ ಬೋಟುಗಳು, ಎಲ್ಲಾ ಒಂದೇ ತರ, ಸಾಲಾಗಿ ಮರಳ ಮೇಲೆ. ಐಎಲ್‌ಸಿಎ ಅಂದ್ರೆ ಹಿಂದೆ ಲೇಸರ್ ಅಂತಿದ್ರಲ್ಲ ಅದೇ ಬೋಟ್, 2019 ರಲ್ಲಿ ಹೆಸರು ಬದಲಾಯ್ತು. ಉದ್ದ ನಾಲ್ಕು ಮೀಟರ್ ಚಿಲ್ಲರೆ, ಬರೀ ಬೋಟಿನ ಬಾಡಿ ತೂಕ 59 ಕೆಜಿ ಆಸುಪಾಸು, ಒಂದೇ ಹಾಯಿ, ಒಬ್ಬನೇ ಮನುಷ್ಯ. 1996 ರಿಂದ ಒಲಿಂಪಿಕ್ಸ್‌ನಲ್ಲಿದೆ. ಇದರ ನಿಯಮ ಎಷ್ಟು ಬಿಗಿ ಅಂದ್ರೆ ಯಾರೂ ತಮ್ಮಿಷ್ಟದ ಹಾಯಿ, ತಮ್ಮಿಷ್ಟದ ಕಂಬ ತರೋ ಹಾಗಿಲ್ಲ, ದುಡ್ಡಿರೋನಿಗೂ ಇಲ್ಲದೋನಿಗೂ ನೀರಿಗಿಳಿದ ಮೇಲೆ ಒಂದೇ ಬೋಟ್, ಉಳಿದದ್ದು ಅವನ ತೊಡೆ, ಅವನ ಕಣ್ಣು, ಅವನ ತಲೆ. ನಂಗೆ ಈ ಆಟದಲ್ಲಿ ಅತೀ ಇಷ್ಟ ಆಗಿದ್ದೇ ಇದು. ಹತ್ರದಿಂದ ಒಬ್ಬ ಹುಡುಗನ ಕೈ ನೋಡಿದೆ, ಯಾವ ದೇಶದವನೋ, ಬೆರಳಿನ ಗಿಣ್ಣಿಗೆಲ್ಲ ಟೇಪ್ ಸುತ್ತಿದ್ದ, ಹಗ್ಗ ಎಳೆದೂ ಎಳೆದೂ ಅಂಗೈ ನಮ್ಮೂರ ಬಲೆ ಎಳೆಯೋರ ಅಂಗೈ ತರಾನೇ ದಪ್ಪ ಕಟ್ಟಿತ್ತು. ನೀರಿಗೆ ಇಳಿಯೋ ಮುಂಚೆ ಪ್ರತಿ ಗಂಟನ್ನೂ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ತಿದ್ದ, ನಾನು ಯಾರ್ಡ್‌ನಲ್ಲಿ ತಂತಿ ಮುಟ್ಟಿ ನೋಡಿದ ಹಾಗೇ.

ಸ್ಟಾರ್ಟ್ ಹೇಗೆ ಅಂತ ಹೇಳ್ಲೇಬೇಕು, ಯಾಕಂದ್ರೆ ಓಟದ ರೇಸ್ ತರ ಗೆರೆ ಮೇಲೆ ನಿಂತು ಗುಂಡಿನ ಸದ್ದಿಗೆ ಕಾಯೋದಲ್ಲ ಇದು. ಒಂದು ಕಡೆ ಕಮಿಟಿ ಬೋಟ್, ಇನ್ನೊಂದು ಕಡೆ ಒಂದು ಗುರುತು, ಇವೆರಡರ ಮಧ್ಯೆ ಕಣ್ಣಿಗೆ ಕಾಣದ ಗೆರೆ. ಐದು ನಿಮಿಷ ಇದ್ದಾಗ ಒಂದು ಬಾವುಟ ಏರುತ್ತೆ ಹಾರ್ನ್ ಹೊಡೀತಾರೆ, ನಾಲ್ಕು ನಿಮಿಷಕ್ಕೆ ಇನ್ನೊಂದು ಬಾವುಟ, ಒಂದು ನಿಮಿಷ ಇದ್ದಾಗ ಆ ಎರಡನೇದು ಇಳಿಯುತ್ತೆ, ಆಮೇಲೆ ಸೊನ್ನೆ. ಬೋಟಿಗೆ ಬ್ರೇಕ್ ಇಲ್ಲ, ಅಷ್ಟು ಜನ ಹಾಯಿ ಸಡಿಲ ಬಿಟ್ಟು ಪಟಪಟ ಅನ್ನಿಸ್ತಾ, ಪಕ್ಕದವನಿಗೆ ತಾಗದ ಹಾಗೆ, ಗೆರೆ ದಾಟದ ಹಾಗೆ, ಹಿಂದೆ ಬೀಳದ ಹಾಗೆ ಅಲ್ಲೇ ತೇಲ್ತಾ ನಿಲ್ಬೇಕು. ಹತ್ತು ಸೆಕೆಂಡ್ ಇದ್ದಾಗ ಎಲ್ಲರೂ ಒಟ್ಟಿಗೆ ಹಾಯಿ ಎಳೀತಾರೆ, ಆ ಪಟಪಟ ಶಬ್ದ ಒಂದೇ ಸಲ ನಿಂತು ಹೋಗುತ್ತೆ, ಎಲ್ಲಾ ಮೈಗಳೂ ಒಟ್ಟಿಗೆ ಬೋಟಿನಿಂದ ಹೊರಗೆ ಬಾಗುತ್ತೆ. ಆ ನಿಶ್ಶಬ್ದ ಕೇಳಿ ನಂಗೆ ರೋಮಾಂಚನ ಆಯ್ತು. ಯಾರಾದ್ರೂ ಒಬ್ಬ ಮುಂಚೆ ದಾಟಿದ್ರೆ ವಾಪಸ್ ಬಂದು ಮತ್ತೆ ಶುರು ಮಾಡ್ಬೇಕು, ಜಾಸ್ತಿ ಜನ ದಾಟಿದ್ರೆ ಎಲ್ಲರನ್ನೂ ವಾಪಸ್ ಕರೆದು ಮತ್ತೆ ಮೊದಲಿಂದ. ಗೆದ್ದೋನಿಗೆ ಒಂದು ಪಾಯಿಂಟ್, ಎರಡನೇ ಅವನಿಗೆ ಎರಡು, ಹೀಗೆ, ಕೊನೆಗೆ ಪಾಯಿಂಟ್ ಯಾರದ್ದು ಕಮ್ಮಿ ಅವರೇ ಮೇಲೆ. ಒಂದು ರೇಸ್ ಕೆಟ್ರೆ ಚಿಂತೆ ಇಲ್ಲ ಅದನ್ನ ಬಿಡಬಹುದು, ಆದ್ರೆ ವಾರ ಪೂರ್ತಿ ಚೆನ್ನಾಗಿ ಓಡಿಸ್ಲೇಬೇಕು.

ಆದ್ರೆ ನಾನು ಕಲಿತಿದ್ದು ಸ್ಟಾರ್ಟ್‌ಗಿಂತ ಮುಂಚಿನ ಅರ್ಧ ಗಂಟೆಯಲ್ಲಿ. ರೇಸ್ ಇಲ್ಲದ ಹೊತ್ತಲ್ಲಿ ಇವರು ಸುಮ್ಮನೆ ಕೂರಲ್ಲ. ಒಬ್ಬ ಬೋಟನ್ನ ಗಾಳಿಗೆ ಎದುರಾಗಿ ತಿರುಗಿಸಿ ಹಾಯಿ ನಡುವಿಗೆ ಬಂದು ಅಲ್ಲಾಡೋ ತನಕ ಬಿಟ್ಟು ಗಾಳಿ ಈಗ ಸರಿಯಾಗಿ ಯಾವ ಕಡೆಯಿಂದ ಅಂತ ನೋಡ್ತಾನೆ, ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡ್ತಾನೆ. ಇನ್ನೊಬ್ಬ ಅಷ್ಟು ಓಲಾಡೋ ಬೋಟಲ್ಲಿ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಇಟ್ಟು ದೂರದ ನೀರನ್ನೇ ನೋಡ್ತಾನೆ. ಏನು ನೋಡ್ತಿದಾನೆ ಅಂತ ಕೇಳಿದ್ದಕ್ಕೆ ನಮ್ಮ ಮುದುಕರು ನೈಋತ್ಯ ದಿಕ್ಕಿಗೆ ಕೈ ತೋರ್ಸಿದ್ರು. ಅಲ್ಲಿ ನೀರಿನ ಮೇಲೆ ಒಂದು ಕಪ್ಪು ಪಟ್ಟಿ, ತೀರಾ ತೆಳ್ಳಗೆ, ನಂಗೆ ಮೊದಲು ಕಾಣಲೇ ಇಲ್ಲ. ಮೂರು ನಿಮಿಷಕ್ಕೆ ಆ ಪಟ್ಟಿ ನಮ್ಮ ಹತ್ರ ಬಂತು, ಜೊತೆಗೆ ಸಮುದ್ರದ ಗಾಳಿ, ಟೋಪಿ ಹಾರಿ ಹೋಗೋ ಅಷ್ಟು.

ಆ ಕಪ್ಪು ಪಟ್ಟಿ ನೋಡಿದ ಕೂಡಲೇ ನಂಗೆ ಎರಡು ನೆನಪು ಒಟ್ಟಿಗೇ ಬಂತು. ಒಂದು ನನ್ನ ಅಜ್ಜಯ್ಯಂದು. ಅವರು ಪ್ರಾಯದಲ್ಲಿ ಮಂಜಿ ಅನ್ನೋ ಸರಕಿನ ದೋಣಿಯಲ್ಲಿ ಹೆಂಚು ಸಾಗಿಸ್ತಿದ್ದೋರು, ಹಾಯಿ ಮಂಜಿ, ಇಂಜಿನ್ ಇಲ್ಲ. ನಾನು ಏಳೆಂಟು ವರ್ಷದವನಿದ್ದಾಗ ಹೊಳೆ ಬಾಗಿಲ ಹತ್ರ ಕೂರಿಸ್ಕೊಂಡು, "ಕಾಣ್ ಮಗಾ, ನೀರ್ ಕಪ್ಪ್ ಆಯ್ತ್, ಗಾಳಿ ಬಂತ್" ಅಂತಿದ್ರು, ಅಷ್ಟ್ರಲ್ಲಿ ತೆಂಗಿನ ಗರಿ ಅಲ್ಲಾಡೋದು. ನಾನು ಅದನ್ನ ಆಟ ಅಂತ ತಿಳ್ಕೊಂಡಿದ್ದೆ, ಅಜ್ಜಯ್ಯ ಹೋದ್ರು, ಕಲಿಯೋದೂ ಅಲ್ಲಿಗೇ ನಿಂತು ಹೋಯ್ತು. ಇನ್ನೊಂದು ಹೋದ ನವೆಂಬರ್‌ದು. ಕೊಲ್ಲಿ ಆಚೆ ಇರೋ ಪೋರ್ಟ್ ವಿನ್ಸೆಂಟ್‌ನಿಂದ ಈ ಕಡೆ ವಾಪಸ್ ಬರ್ತಿದ್ವಿ, ಫೋನಲ್ಲಿ ಹದಿನೈದು ನಾಟ್, ಅಂದ್ರೆ ಗಂಟೆಗೆ ಹೆಚ್ಚುಕಮ್ಮಿ 28 ಕಿಲೋಮೀಟರ್, ಗಾಳಿ ಅಂತ ತೋರಿಸ್ತಿತ್ತು, ನಾನು ಪೂರ್ತಿ ಹಾಯಿ ಏರಿಸಿ ಪರದೆ ನೋಡ್ತಾ ಕೂತಿದ್ದೆ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಸಮುದ್ರದ ಗಾಳಿ ಬಂದು ಒಂದೇ ಏಟಿಗೆ ಬೋಟ್ ಪಕ್ಕಕ್ಕೆ ವಾಲಿ, ಚುಕ್ಕಾಣಿ ಮಾತು ಕೇಳದೆ, ಬೋಟ್ ತಾನಾಗೇ ಗಾಳಿಗೆ ಮುಖ ತಿರುಗಿಸಿ, ಒಳಗೆ ಪಾತ್ರೆ ಎಲ್ಲಾ ಹಾರಿ ಬಿತ್ತು, ಮಗಳು ಒಳಗಿಂದ ಕೂಗಿದ ಕೂಗು ಇವತ್ತಿಗೂ ಕಿವೀಲಿದೆ. ಹಾಯಿ ಕಿರಿದು ಮಾಡೋಕೆ ಅರ್ಧ ಗಂಟೆ ಒದ್ದಾಡಿದೆ, ಅದನ್ನ ಗಾಳಿ ಬರೋಕೆ ಮುಂಚೆ ಮಾಡಿದ್ರೆ ಐದು ನಿಮಿಷದ ಕೆಲಸ. ಅವತ್ತೂ ನೀರಿನ ಮೇಲೆ ಆ ಕಪ್ಪು ಪಟ್ಟಿ ಇದ್ದೇ ಇರಬೇಕು. ನೋಡೋ ಕಣ್ಣು ನನಗೆ ಇರಲಿಲ್ಲ, ಡಿಂಗಿ, ಅಂದ್ರೆ ಇಂಥ ಚಿಕ್ಕ ಹಾಯಿದೋಣಿಯಲ್ಲಿ ಕಲಿತ ಹನ್ನೆರಡು ವರ್ಷದ ಮಗುವಿಗೆ ಅದು ಇರುತ್ತೆ.

ದೊಡ್ಡ ಬೋಟು ತಪ್ಪನ್ನ ಮುಚ್ಚಿಡುತ್ತೆ. ಟನ್‌ಗಟ್ಟಲೆ ತೂಕ ಇರುತ್ತೆ, ತಳದಲ್ಲಿ ಭಾರ ಇರುತ್ತೆ, ನೀವು ಹಾಯಿ ತಪ್ಪಾಗಿ ಕಟ್ಟಿದ್ರೂ ಅದು ಹೆಂಗೋ ಹೋಗ್ತಾ ಇರುತ್ತೆ, ತಪ್ಪು ಗೊತ್ತಾಗೋ ಹೊತ್ತಿಗೆ ಜೋರು ಗಾಳಿ ಬಂದು ಬಿಟ್ಟಿರುತ್ತೆ. ಡಿಂಗಿಯಲ್ಲಿ ಹಾಗಿಲ್ಲ, ತಪ್ಪು ಮಾಡಿದ ಮರುಕ್ಷಣ ನೀರಲ್ಲಿ ಇರ್ತೀರಿ. ವರ್ಲ್ಡ್ ಚಾಂಪಿಯನ್‌ಷಿಪ್‌ಗೆ ಬಂದವನೂ ಮಗುಚ್ತಾನೆ, ನಾನೇ ನೋಡಿದೆ, ಅಲೆ ಮೇಲೆ ಜಾರ್ತಾ ಬರುವಾಗ ಒಬ್ಬ ಪಟ್ಟಂತ ಮಗುಚಿದ, ಕೆಳಗಿನ ಹಲಗೆ ಮೇಲೆ ಹತ್ತಿ ನಿಂತು ಮೈ ಭಾರ ಹಾಕಿ ಎತ್ತಿ ಒಳಗೆ ಹಾರಿ ಹೊರಟೇ ಹೋದ, ಉಸಿರು ಎಳ್ಕೊಂಡು ಬಿಡೋಷ್ಟ್ರಲ್ಲಿ. ನಾನು ಎರಡು ವರ್ಷದಲ್ಲಿ ಲೈಫ್‌ಜಾಕೆಟ್, ಸ್ಯಾಟಲೈಟ್‌ಗೆ ಸಿಗ್ನಲ್ ಕೊಡೋ ಇಪರ್ಬ್, ರೇಡಿಯೋ, ಎರಡು ಲಂಗರು, ಐವತ್ತು ಮೀಟರ್ ಚೈನ್ ಎಲ್ಲಾ ತಗೊಂಡೆ, ಎಲ್ಲಾ ಬೇಕು, ಒಂದನ್ನೂ ಬೇಡ ಅನ್ನಲ್ಲ. ಆದ್ರೆ ಒಂದು ದಿನಾನೂ ಚಿಕ್ಕ ಬೋಟಲ್ಲಿ ಕೂತು ಕಲೀಲಿಲ್ಲ. ಚಾಂಪಿಯನ್‌ಷಿಪ್ ಮುಗಿದ ಮೂರನೇ ದಿನ ಹೋಗಿ ದೊಡ್ಡವರ ಬಿಗಿನರ್ಸ್ ಕ್ಲಾಸಿಗೆ ಸೇರಿದೀನಿ, ಮಗಳನ್ನ ಮಕ್ಕಳ ಕ್ಲಾಸಿಗೆ ಸೇರಿಸಿದೀನಿ, ಅವಳದು ಆಪ್ಟಿಮಿಸ್ಟ್ ಅನ್ನೋ ಪುಟ್ಟ ಬೋಟ್, ಎರಡು ಮೀಟರ್ ಚಿಲ್ಲರೆ ಉದ್ದ, ಹದಿನೈದು ವರ್ಷದ ತನಕ ಅದರಲ್ಲಿ ರೇಸ್ ಮಾಡಬಹುದು. ನವೆಂಬರ್ ಆದ ಮೇಲೆ ಬೋಟ್ ಅಂದ್ರೆ ಮುಖ ತಿರುಗಿಸ್ತಿದ್ದವಳು ಮೊದಲನೇ ಕ್ಲಾಸ್ ಮುಗಿಸಿ ಒದ್ದೆ ಬಟ್ಟೇಲೇ ಓಡಿ ಬಂದು, ಅಪ್ಪಾ ಗಾಳಿ ಎಲ್ಲಿಂದ ಬರ್ತಿದೆ ಕಣ್ಣು ಮುಚ್ಚಿ ಹೇಳು, ಎರಡೂ ಕಿವಿಗೆ ಸಮ ಕೇಳಿಸೋ ತನಕ ತಲೆ ತಿರುಗಿಸು ಅಂತ ಹೇಳ್ಕೊಟ್ಲು.

ಈಗ ನಮ್ಮ ಹುಡುಗನ ವಿಷಯ. ಎರಡನೇ ದಿನ ದೂರದಿಂದ ಐಎನ್‌ಡಿ ಅಂತ ಅಕ್ಷರ ಇದ್ದ ಹಾಯಿ ಕಂಡಾಗ ನಾನು ಟಿನ್ನಿಯಲ್ಲಿ ಎದ್ದು ನಿಂತು ಕೂಗಿದೆ, ಅಷ್ಟು ದೂರಕ್ಕೆ ಕೇಳ್ಸಲ್ಲ ಅಂತ ಗೊತ್ತಿದ್ರೂ. ವಿಷ್ಣು ಸರವಣನ್ ಮಿಲಿಟರಿಯವನು, 2019 ರಲ್ಲಿ 21 ವರ್ಷದೊಳಗಿನವರ ವರ್ಲ್ಡ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿದ್ದ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 20ನೇ ಸ್ಥಾನ, ಹೋದ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಇಲ್ಲಿ ಕೋಟಾ ಇನ್ನೂ ಸಿಗದ ದೇಶಗಳಿಗೆ ಇದ್ದಿದ್ದು ಏಳೇ ಸೀಟು, ಅದರಲ್ಲಿ ಒಂದು ಭಾರತಕ್ಕೆ. ಗೆದ್ದವನು ಆಸ್ಟ್ರೇಲಿಯಾದ ಮ್ಯಾಟ್ ವರ್ನ್, ಟೋಕಿಯೋದ ಚಿನ್ನದ ಹುಡುಗ, ಈ ದೇಶಕ್ಕೆ ಈ ಬೋಟಲ್ಲಿ 2012 ರಿಂದ ಟೋಕಿಯೋ ತನಕ ಮೂರು ಒಲಿಂಪಿಕ್ಸ್‌ನಲ್ಲೂ ಚಿನ್ನ ಬಂದಿದೆ. ಇಂಥವರ ಮಧ್ಯೆ 26ನೇ ಸ್ಥಾನ ಅಂದ್ರೆ ಎಷ್ಟು ದೊಡ್ಡದು ಅಂತ ನೀರಲ್ಲಿ ನಿಂತು ನೋಡಿದೋರಿಗೆ ಗೊತ್ತಾಗುತ್ತೆ.

ಸಂಪಾದಕರೇ, ಇದು ಯಾವುದೋ ದೂರದ ಆಟ ನಮ್ಮ ಓದುಗರಿಗೆ ಯಾಕೆ ಅಂತ ನಿಮ್ಮ ಡೆಸ್ಕಿನವರು ಕೇಳಬಹುದು. ಅದೇ ಹಾಂಗ್‌ಝೌನಲ್ಲಿ ಹುಡುಗಿಯರ ಐಎಲ್‌ಸಿಎ 4 (ಅದೇ ಬೋಟ್, ಹಾಯಿ ಸಣ್ಣದು) ರಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಕಡೆಯ ರೈತರ ಮಗಳು, ಕಲಿತಿದ್ದು ಭೋಪಾಲ್‌ನ ನ್ಯಾಷನಲ್ ಸೈಲಿಂಗ್ ಸ್ಕೂಲಲ್ಲಿ, ಕೆರೆ ನೀರಲ್ಲಿ. ಸಮುದ್ರನೇ ಇಲ್ಲದ ರಾಜ್ಯ ಅದು. ಹೈದರಾಬಾದ್‌ನ ಹುಸೇನ್ ಸಾಗರದಲ್ಲಿ ಬಡವರ ಮನೆ ಮಕ್ಕಳು ಆಪ್ಟಿಮಿಸ್ಟ್ ಓಡಿಸ್ತಾರೆ. ನಮ್ಮ ಕೊಡವ ಕುಟುಂಬದ ಕೆ.ಸಿ. ಗಣಪತಿ ಚೆನ್ನೈಯಲ್ಲಿ ಕಲಿತು ವರುಣ್ ಠಕ್ಕರ್ ಜೊತೆ 2018 ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು ಟೋಕಿಯೋಗೂ ಹೋಗಿ ಬಂದ್ರು, ಕೊಡಗಿನಲ್ಲೇ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು? ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರ ಬಿಳಿ ಹಾಯಿ ಎಷ್ಟೋ ವರ್ಷದಿಂದ ಕಾಣ್ತಿದೆ, ಪಕ್ಕದ ರಸ್ತೇಲಿ ದಿನಾ ಓಡಾಡೋರಿಗೆ ಅದು ಏನು ಅಂತ ಹೇಳಿದೋರು ಯಾರೂ ಇಲ್ಲ. ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರ್‌ಗೂ ಜಾಸ್ತಿ ಕರಾವಳಿ ಇದೆ, ನಮ್ಮ ಪಂಚಗಂಗಾವಳಿ ಹೊಳೆ ಸಮುದ್ರ ಸೇರೋ ಜಾಗದಲ್ಲಿ ಒಳಗಡೆ ಅಲೆ ಇಲ್ಲ ಗಾಳಿ ಇದೆ, ಮಕ್ಕಳಿಗೆ ಹಾಯಿ ಕಲಿಸೋಕೆ ಅಂತಾನೇ ಮಾಡಿಟ್ಟ ಹಾಗಿದೆ. ಈಜು ಹುಟ್ಟಿನಿಂದಲೇ ಬಂದಿರೋ ಮಕ್ಕಳು ಅಲ್ಲಿ ಇದ್ದಾರೆ. ಹೊಸ ಐಎಲ್‌ಸಿಎ ಬೋಟಿಗೆ ಲಕ್ಷಗಟ್ಟಲೆ ಆಗುತ್ತೆ ನಿಜ, ಮನೆಮನೆಗೆ ಒಂದು ತಗೊಳ್ಳಿ ಅಂತ ಯಾರೂ ಹೇಳಲ್ಲ, ಇಲ್ಲಿ ನನ್ನ ಮಗಳು ಓಡಿಸ್ತಿರೋದೂ ಕ್ಲಬ್ಬಿನ ಬೋಟೇ, ಒಂದು ಬೋಟಲ್ಲಿ ದಿನಕ್ಕೆ ಮೂರು ಮಕ್ಕಳು ಕಲೀತಾರೆ, ಮೈಗೆಲ್ಲ ತೇಪೆ ಇರೋ ಇಪ್ಪತ್ತು ವರ್ಷದ ಹಳೇ ಬೋಟು.

ಇನ್ನೊಂದು ಮಾತು ಹೇಳಲೇಬೇಕು, ಇದು ನಂಗೆ ಪದಕಕ್ಕಿಂತ ಮುಖ್ಯ. ಆ ಬೀಚಿಂದ ನೀರಿಗೆ ಇಳಿದ ಪ್ರತಿಯೊಬ್ಬ ಲೈಫ್‌ಜಾಕೆಟ್ ಹಾಕಿದ್ದ. ಒಲಿಂಪಿಕ್ ಚಾಂಪಿಯನ್ ಕೂಡ. ಸುತ್ತ ಅಷ್ಟು ರಬ್ಬರ್ ಬೋಟುಗಳಲ್ಲಿ ರಕ್ಷಣೆಯವರು ಕಾಯ್ತಿದ್ರೂ. ನಂಗೆ ತಕ್ಷಣ ಕಾರವಾರ ನೆನಪಾಯ್ತು, 2019 ರ ಜನವರಿ 21, ಕೂರ್ಮಗಡ ಜಾತ್ರೆಯಿಂದ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ಹೋದ್ರು, ಅದರಲ್ಲಿ ಪುಟ್ಟ ಮಕ್ಕಳೂ ಇದ್ರು. ಅಲ್ಲಿಗೆ ಸರಿಯಾಗಿ ಐದು ವರ್ಷ ಆದ ವಾರದಲ್ಲೇ ನಾನು ಈ ಬೀಚಲ್ಲಿ ನಿಂತಿದ್ದೆ. ನಮ್ಮಲ್ಲಿ ಲೈಫ್‌ಜಾಕೆಟ್ ಅಂದ್ರೆ ಈಜು ಬಾರದೋರಿಗೆ, ಹೆದರಿಕೆ ಇರೋರಿಗೆ ಅನ್ನೋ ಭಾವನೆ ಇದೆ, ನಾನೂ ಹಾಗೇ ಬೆಳೆದಿದ್ದು, ನನ್ನ ಚಿಕ್ಕಪ್ಪ ಇವತ್ತಿಗೂ ಮೀನಿಗೆ ಹೋಗುವಾಗ ಅದನ್ನ ದೋಣಿ ಮೂಲೇಲಿ ಮಡಚಿ ಇಡ್ತಾರೆ. ಸೈಲಿಂಗ್ ಫೋಟೋ ಒಂದು ನಿಮ್ಮ ಪೇಪರಲ್ಲಿ ದೊಡ್ಡದಾಗಿ ಬಂದ್ರೆ, ಪ್ರಪಂಚದ ಅತಿ ಒಳ್ಳೆ ಸೈಲರ್ ಕೂಡ ಜಾಕೆಟ್ ಹಾಕ್ಕೊಂಡೇ ಇದಾನೆ ಅಂತ ಮಲ್ಪೆ, ಗಂಗೊಳ್ಳಿ, ತದಡಿಯ ಹುಡುಗರು ನೋಡ್ತಾರೆ. ಸರ್ಕಾರದ ಬೋರ್ಡು ಮಾಡದ ಕೆಲಸವನ್ನ ಆ ಫೋಟೋ ಮಾಡುತ್ತೆ ಅಂತ ನಂಗೆ ನಂಬಿಕೆ ಇದೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಪ್ಯಾರಿಸ್ ಒಲಿಂಪಿಕ್ಸ್‌ನ ಸೈಲಿಂಗ್ ಜುಲೈ 28 ಕ್ಕೆ ಶುರುವಾಗುತ್ತೆ, ನಡೆಯೋದು ಪ್ಯಾರಿಸ್‌ನಲ್ಲಲ್ಲ, ಫ್ರಾನ್ಸಿನದ್ದೇ ಮಾರ್ಸೇ ಊರಿನ ಸಮುದ್ರದಲ್ಲಿ. ಭಾರತದ ಬೋಟ್ ನೀರಲ್ಲಿ ಇರೋ ಅಷ್ಟು ದಿನ ಕ್ರೀಡಾ ಪುಟದಲ್ಲಿ ಒಂದು ಕಾಲಂ ಕೊಡಿ. ಇವತ್ತಿನ ರೇಸಲ್ಲಿ ಎಷ್ಟನೇ ಸ್ಥಾನ, ಒಟ್ಟು ಪಾಯಿಂಟ್ ಎಷ್ಟು, ಗಾಳಿ ಎಷ್ಟಿತ್ತು, ಇಷ್ಟು ಹಾಕಿದ್ರೆ ಸಾಕು, ಜೊತೆಗೆ ಒಂದು ದಿನ ಸ್ಟಾರ್ಟ್ ಹೇಗೆ, ಎದುರು ಗಾಳಿಗೆ ನೇರ ಹೋಗೋಕೆ ಆಗದೆ ಬೋಟ್ ಯಾಕೆ ಅಡ್ಡಾದಿಡ್ಡಿ ಹೋಗುತ್ತೆ ಅಂತ ಒಂದು ಚಿತ್ರ ಹಾಕಿ. ಬರೆಯೋಕೆ ಜನ ಸಿಗಲಿಲ್ಲ ಅಂದ್ರೆ ನಾನು ಬರೆದು ಕಳಿಸ್ತೀನಿ, ದುಡ್ಡು ಬೇಡ.

ಹೊಸ ವಾಲ್ವ್ ನಿನ್ನೆ ಬಂತು, ಈ ಸಲ ಕಂಚಿಂದು. ನಾಳೆ ಕೂರಿಸ್ತೀನಿ, ತಂತಿ ಗುರುವಾರ, ಬಣ್ಣ ಶುಕ್ರವಾರ, ಶನಿವಾರ ಬೆಳಿಗ್ಗೆ ಮಗಳ ಕ್ಲಾಸ್ ಇದೆ, ಅದಕ್ಕೆ ಬೋಟ್ ನೀರಿಗೆ ಇಳಿಸೋದನ್ನ ಸೋಮವಾರಕ್ಕೆ ಮುಂದೆ ಹಾಕಿದೀನಿ.

ಇಂತಿ ನಿಮ್ಮ ಹಳೇ ಓದುಗ,
ಅಡಿಲೇಡ್, ಆಸ್ಟ್ರೇಲಿಯಾ
ಫೆಬ್ರವರಿ 2024